ಕೆಳದವಡೆ ಹಿಂದೆ ಸರಿಸಿದ ಮೇಲೆ ಎಡಗಣ್ಣು ಮುಚ್ಚುತ್ತಿಲ್ಲ, ಗೊತ್ತಿದ್ದವರು ಹೇಳಿ

ಪ್ರಶ್ನೆ: ತಮ್ಮನಿಗೆ ಕೆಳದವಡೆ ಹಿಂದೆ ಸರಿಸುವ ಆಪರೇಷನ್ ಆಗಿ ನಾಲ್ಕು ದಿನ. ನಿನ್ನೆಯಿಂದ ಎಡಗಣ್ಣು ಮುಚ್ಚುತ್ತಿಲ್ಲ, ಹುಬ್ಬು ಏರುತ್ತಿಲ್ಲ. ಕಾಯಬೇಕೋ, ಏನಾದರೂ ಮಾಡಿಸಬೇಕೋ?

ಹಲ್ಲುಕ್ಲಿಪ್: ಕಾಯಿರಿ. ತುಟಿ, ಗಲ್ಲ ಜೋಮು ಹಿಡಿಯುವುದು ಎಲ್ಲರಿಗೂ ಇದ್ದದ್ದೇ. ಬಿ12 ನುಂಗಿ ತಿಂಗಳುಗಟ್ಟಲೆ ಕಾದವಳು ನಾನು, ಸ್ಟೆರಾಯ್ಡ್ ಮುಟ್ಟಲಿಲ್ಲ. ಅದೇ ಸರಿ ಅಂತ ಇವತ್ತಿಗೂ ಹೇಳ್ತೀನಿ.

ಏಳನೇನರ: ಜೋಮು ಯಾರು ಕೇಳಿದರು ಮೇಡಂ? ನಿಮ್ಮದು ದವಡೆ ಮೂಳೆಯೊಳಗೆ ಹೋಗುವ ಸ್ಪರ್ಶದ ನರ. ಇಲ್ಲಿ ಕೆಟ್ಟಿರುವುದು ಮುಖದ ಸ್ನಾಯು ಆಡಿಸುವ ಏಳನೇ ನರ. ಅದು ಅಪರೂಪ, ಹಿಂದೆ ಸರಿಸುವಾಗಲೇ ಹೆಚ್ಚು: ದವಡೆಯ ಹಿಂಬದಿಗೆ ಹಾಕಿದ ರಿಟ್ರಾಕ್ಟರ್ (ಮಾಂಸ ಸರಿಸಿ ಹಿಡಿಯುವ ಉಪಕರಣ) ಒತ್ತಿರಬಹುದು, ಸರಿಸಿದ ಮೂಳೆಯ ತುದಿಯೇ ಒತ್ತುತ್ತಿರಬಹುದು, ಇಲ್ಲವೇ ಊತ, ರಕ್ತಗಟ್ಟು. ಎರಡು ದಿನ ಸರಿಯಿದ್ದು ಆಮೇಲೆ ಬಿದ್ದಿದ್ದರೆ ಬಹುಮಟ್ಟಿಗೆ ಊತ, ಅದು ವಾಸಿಯಾಗುವ ಆಸೆ ಜಾಸ್ತಿ. ಎಚ್ಚರವಾದಾಗಲೇ ಪೂರ್ತಿ ಬಿದ್ದಿದ್ದು, ಮರಗಟ್ಟಿಸುವ ಮದ್ದು ಇಳಿದರೂ ಹಾಗೇ ಇದ್ದರೆ ಸಿಟಿ ಸ್ಕ್ಯಾನ್ ಮಾಡಿಸಲು ಕೇಳಿ. ಊತ ಇಳಿಸುವ ಸ್ಟೆರಾಯ್ಡ್ ಪ್ರೆಡ್ನಿಸೋಲೋನ್ ಸಾಮಾನ್ಯವಾಗಿ ಮೈತೂಕದ ಕಿಲೋಗೆ ದಿನಕ್ಕೆ 1 ಮಿಗ್ರಾಂ, 60 ಮಿಗ್ರಾಂ ದಾಟದಂತೆ, ಆಮೇಲೆ ಇಳಿಸುತ್ತಾ. ಸೋಂಕು, ಸಕ್ಕರೆ ಕಾಯಿಲೆ ಇದ್ದರೆ ಲೆಕ್ಕವೇ ಬೇರೆ. ಹಾಗಾಗಿ ಸರ್ಜನ್ ಹತ್ತಿರ ಇವತ್ತೇ ಹೋಗಿ.

ಹಲ್ಲುಕ್ಲಿಪ್: ಮೂಳೆ ಕೂಡುವ ಹೊತ್ತಲ್ಲಿ ಸ್ಟೆರಾಯ್ಡ್ ತುಂಬಿಸಿ, ದವಡೆ ಹಿಡಿದಿಟ್ಟ ಪ್ಲೇಟ್ ಕೀವಾದರೆ ನೀವು ಬರ್ತೀರಾ?

ರೆಪ್ಪೆಕಾವಲು: ನಿಮ್ಮಿಬ್ಬರ ಜಗಳದಲ್ಲಿ ಆ ಹುಡುಗನ ಕಣ್ಣು ಒಣಗುತ್ತಿದೆ! ಹಗಲು ಗಂಟೆಗೊಮ್ಮೆ ಕಣ್ಣು ಒದ್ದೆ ಇಡುವ, ಪ್ರಿಸರ್ವೇಟಿವ್ ಇಲ್ಲದ ಹನಿ. ರಾತ್ರಿ ಕೆಳರೆಪ್ಪೆಯೊಳಗೆ ಕಣ್ಣಿನ ಮುಲಾಮು ಎಳೆದು, ಮೇಲ್ರೆಪ್ಪೆಯನ್ನು ಬೆರಳಿಂದ ಇಳಿಸಿ, ಬಿಳಿ ಕಾಣದ ಹಾಗೆ ಟೇಪ್. ಬರೀ ಹತ್ತಿ ಇಟ್ಟು ಕಟ್ಟಬೇಡಿ, ಅದರಡಿ ರೆಪ್ಪೆ ತೆರೆದುಕೊಂಡು ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತರಚುತ್ತದೆ. ನೋವು, ಕೆಂಪು, ಮಬ್ಬು ಬಂದರೆ ಅದೇ ದಿನ ಕಣ್ಣಿನ ಡಾಕ್ಟರ್.

ಕರೆಂಟ್‌ಪರ: ಫಿಸಿಯೋ ಹತ್ತಿರ ಮುಖದ ಸ್ನಾಯುಗಳಿಗೆ ಸಣ್ಣ ಕರೆಂಟ್ ಕೊಡಿಸಿ, ನನಗೆ ಹಿಡಿಸಿತು.

ಏಳನೇನರ: ದುಡ್ಡು ದಂಡ! ಅದರಿಂದ ಬೇಗ ವಾಸಿ ಅನ್ನಲು ಗಟ್ಟಿ ಆಧಾರವಿಲ್ಲ. ದುಡ್ಡಿದ್ದರೆ ನರ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಪರೀಕ್ಷೆಗೆ ಹಾಕಿ. ನರ ಬಿದ್ದ ಮೂರು ದಿನದೊಳಗೆ ಮಾಡಿಸಿದರೆ ಕಡಿದ ನರವೂ ಸರಿಯಿದ್ದಂತೆ ತೋರುತ್ತದೆ, ಆಮೇಲೆ ಮಾಡಿಸಿ. ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ನೋಡುವ ಇಎಂಜಿ ಎರಡು ಮೂರು ವಾರದ ನಂತರ.

ಕರೆಂಟ್‌ಪರ: ಅಷ್ಟು ದಿನ ಸ್ನಾಯು ಸೊರಗಲಿ ಅಂತೀರಾ?

ರೆಪ್ಪೆಕಾವಲು: ಕನ್ನಡಿ ಮುಂದೆ ಮೆಲ್ಲಗೆ, ಎರಡೂ ಬದಿ ಸಮವಾಗಿ ಆಡಿಸುವುದು ಸಾಕು. ಚ್ಯೂಯಿಂಗ್ ಗಮ್ ಬೇಡವೇ ಬೇಡ, ದವಡೆ ಇನ್ನೂ ಕೂಡಿಲ್ಲ. ಮುಖ ಹಿಂಡಿ ಜೋರು ಮಾಡಿದರೆ ಮುಂದೆ ನಕ್ಕಾಗ ಕಣ್ಣೂ ಮುಚ್ಚುವ ಚಾಳಿ ಗಟ್ಟಿಯಾಗುತ್ತದೆ.

ಕರೆಂಟ್‌ಪರ: ಅದು ನರ ತಪ್ಪುದಾರಿ ಹಿಡಿದು ಬೆಳೆದದ್ದರಿಂದ, ವ್ಯಾಯಾಮದಿಂದಲ್ಲ.

ರೆಪ್ಪೆಕಾವಲು: ಬೇರು ಅಲ್ಲೇ ಇರಲಿ. ನೀರು ಹಾಕುವುದು ಯಾಕೆ?