‘ಬೇಸ್‌ಲೈನ್ ಡೇಟಾ’ಗೆ ಕನ್ನಡ ಪದ, ನಾಳೆಯೊಳಗೆ ಬೇಕು

ಸಾಗರದಿಂದ:
ನಮ್ಮೂರ ಹತ್ತಿರದ ಒಂದು ಗಣಿ ಯೋಜನೆಗೆ ಸಾರ್ವಜನಿಕ ಆಲಿಕೆ ಸಭೆ ಇದೆ. ಪರಿಸರ ಪರಿಣಾಮ ವರದಿಯ ಸಾರಾಂಶ ಊರಿನ ಭಾಷೆಯಲ್ಲೂ ಇರಬೇಕು ಅಂತ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯೇ ಹೇಳುತ್ತದೆ. ಇದೆ ಕೂಡ. ಆದರೆ ‘ಬೇಸ್‌ಲೈನ್ ಡೇಟಾ’ ಅನ್ನುವುದನ್ನು, ಅಂದರೆ ಯೋಜನೆ ಶುರುವಾಗುವ ಮುಂಚೆ ಜಾಗ ಹೇಗಿತ್ತು ಅನ್ನುವ ಲೆಕ್ಕವನ್ನು, ‘ಆಧಾರ ರೇಖೆ ದತ್ತಾಂಶ’ ಅಂತ ಮಾಡಿದ್ದಾರೆ. ದೊಡ್ಡಪ್ಪ ಓದಿ, ‘ಆಧಾರ್ ಕಾರ್ಡ್ ಕೊಡಬೇಕಾ?’ ಅಂದರು. ಕರಪತ್ರಕ್ಕೆ ತಿಳಿಯುವಂಥ ಪದ ಬೇಕು. ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು.

ತೀರ್ಥಹಳ್ಳಿಯಿಂದ:
ಅಡಿಗೆರೆ. ಅಡಿ + ಗೆರೆ. ಅಚ್ಚಗನ್ನಡ. ಮುಗಿಯಿತಲ್ಲ.

ಶಿವಮೊಗ್ಗದಿಂದ:
ಮುಗಿಯಲಿಲ್ಲ ಮಾರಾಯ್ರೇ. ಅಡಿ + ಕೆರೆ ಆದರೂ ಅಡಿಗೆರೆಯೇ. ದಾವಣಗೆರೆ ಪಕ್ಕದ ಯಾವುದೋ ಊರು ಅಂದುಕೊಳ್ಳುತ್ತಾರೆ. ‘ಮೂಲಸ್ಥಿತಿ ಮಾಹಿತಿ’ ಸಾಕು.

ತೀರ್ಥಹಳ್ಳಿಯಿಂದ:
ಮೂಲ, ಸ್ಥಿತಿ, ಮಾಹಿತಿ. ಮೂರೂ ಸಂಸ್ಕೃತ. ಕನ್ನಡ ಕೇಳಿದವರಿಗೆ ಇದಾ ಉತ್ತರ?

ಶಿವಮೊಗ್ಗದಿಂದ:
‘ಮಾಹಿತಿ’ ಮರಾಠಿಯಿಂದ ಬಂದದ್ದು. ಮೊದಲು ನಿಘಂಟು ನೋಡಿ, ಆಮೇಲೆ ಸಿಟ್ಟು ಮಾಡಿ.

ಹೊಸನಗರದಿಂದ:
ನಿಮ್ಮ ಜಗಳ ಆಮೇಲೆ. ‘ಮೂಲಸ್ಥಿತಿ’ ಬೇಡವೇ ಬೇಡ. ಕಾನು ಕಡಿದು ಅಕೇಶಿಯಾ ನೆಟ್ಟ ಜಾಗಕ್ಕೆ ಮೂಲಸ್ಥಿತಿ ಯಾವುದು? ವರದಿಯಲ್ಲಿ ಇರುವುದು ಅವರು ಬಂದಾಗ ಕಂಡದ್ದು ಅಷ್ಟೇ. ಗಣಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಲೆಕ್ಕ ಇದ್ದರೆ ನಡೆಯುತ್ತದೆ. ಮಾರ್ಚಿನಲ್ಲಿ ಬಂದರೆ ಸಣ್ಣ ಹಳ್ಳದಲ್ಲಿ ನೀರೇ ಇರುವುದಿಲ್ಲ, ಮಳೆಗೆ ಹಳ್ಳ ಹತ್ತಿ ಬರುವ ಹತ್ತುಮೀನು ಎಲ್ಲಿ ಕಾಣಬೇಕು? ಕಪ್ಪೆ ಕೂಗುವುದೂ ಮಳೆ ಹಿಡಿದ ಮೇಲೇ ಜಾಸ್ತಿ. ನಾನು ನೋಡಿದ ಒಂದು ವರದಿಯಲ್ಲಿ ಕಪ್ಪೆಗಳಿಗೆ ಎರಡೇ ಸಾಲು. ಅದೇ ಊರಲ್ಲಿ ಜೂನ್ ರಾತ್ರಿ ಅವುಗಳ ಗಲಾಟೆಗೆ ನಿದ್ದೆ ಬರುವುದಿಲ್ಲ. ರಾಮಪತ್ರೆ ಜಡ್ಡಿಯನ್ನು, ಅಂದರೆ ರಾಮಪತ್ರೆ ಮರಗಳು ನೀರಲ್ಲೇ ನಿಂತು ಬೆಳೆಯುವ ಕಾಡನ್ನು, ಬರೀ ‘ಜೌಗು ಭೂಮಿ’ ಅಂತ ಬರೆದು ದಾಟಿಬಿಟ್ಟಿದ್ದರು. ಸುಮ್ನೆ ‘ಯೋಜನೆಗೆ ಮುಂಚೆ ಕಂಡದ್ದು’ ಅಂತ ಹಾಕಿ. ಯಾವ ತಿಂಗಳು ಅನ್ನುವುದನ್ನೂ ಹಾಕಿ.

ತೀರ್ಥಹಳ್ಳಿಯಿಂದ:
‘ಯೋಜನೆ’ ಸಂಸ್ಕೃತ.

ಶಿವಮೊಗ್ಗದಿಂದ:
ಅರ್ಜಿ, ಜಮೀನು, ತಾಲ್ಲೂಕು ಎಲ್ಲಾ ಹೊರಗಿನವೇ. ಅವಿಲ್ಲದೆ ತಹಶೀಲ್ದಾರರಿಗೆ ಒಂದು ಕಾಗದ ಬರೆದು ತೋರಿಸಿ ನೋಡೋಣ. ‘ಕಾಗದ’ವನ್ನೂ ಬಿಡಬೇಕು, ನೆನಪಿರಲಿ.

ಸಾಗರದಿಂದ:
ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು. ‘ಗಣಿಗೆ ಮುಂಚೆ ಇಲ್ಲಿ ಕಂಡದ್ದು, ಮಾರ್ಚ್‌ನಿಂದ ಮೇ’ ಅಂತ ಕೊಟ್ಟುಬಿಟ್ಟೆ. ಜಡ್ಡಿಯನ್ನು ಜಡ್ಡಿ ಅಂತಲೇ ಬರೆದಿದ್ದೇನೆ. ದೊಡ್ಡಪ್ಪನಿಗೆ ಕರಡು ತೋರಿಸಿದೆ. ಓದಿ, ‘ಜೂನ್ ಯಾಕೆ ಬಿಟ್ಟರು?’ ಅಂದರು.