ಗ್ರೆಪ್ ಕಲಿಯೋಕೆ ಎಲ್ಲಿಂದ ಶುರು ಮಾಡಲಿ? ನಿಮ್ಮ ಅನುಭವ ಹೇಳಿ

ಕೇಳಿದವರು, ಭೋಸರಿ, ಪುಣೆ:
ನಾನು ಬಿಕಾಂ ಓದಿದವಳು, ಒಂದು ಗೋಡೌನಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಗೇಟಿನಲ್ಲಿ ವಾಚ್‌ಮನ್ ಬಂದ ಗಾಡಿಗೆಲ್ಲ ಒಂದೊಂದು ಸಾಲು ಟೈಪ್ ಮಾಡುತ್ತಾರೆ. ಗಾಡಿ ನಂಬರು, ಟೈಮು, ಪಾರ್ಟಿ ಹೆಸರು, ನಡುವೆ ಕಾಮಾ. ಈಗ ಎಲ್ಲ ಗೋಡೌನುಗಳ ಹಳೇ ಫೈಲು ಒಟ್ಟು ಮಾಡಿ ಕೊಟ್ಟಿದ್ದಾರೆ. ಎಕ್ಸೆಲ್ 10,48,576 ಸಾಲಿಗೆ ನಿಂತೇಬಿಟ್ಟಿತು. ಆಫೀಸಿನ ಹುಡುಗ "ಗ್ರೆಪ್ ಹೊಡೀರಿ, ಒಂದೇ ಸಾಲಿನ ಕೆಲಸ" ಅಂದು ಚಹಾಕ್ಕೆ ಹೋದ. ಗ್ರೆಪ್ ಅಂದರೆ ಫೈಲಿನಲ್ಲಿ ಬೇಕಾದ ಪದ ಇರುವ ಸಾಲು ಹುಡುಕಿ ಕೊಡುವ ಕಮಾಂಡ್ ಅಂತೆ. ಕಮಾಂಡ್ ಟೈಪ್ ಮಾಡುವ ಆ ಕಪ್ಪು ಪರದೆ ಕಂಡರೆ ನನಗೆ ಭಯ. ನೀವೆಲ್ಲ ಹೇಗೆ ಕಲಿತಿರಿ? (ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲೇ ಬರೆಯಿರಿ, ಟೈಪ್ ಮಾಡುವಾಗ ಇಂಗ್ಲಿಷ್ ಮಾಡಿಕೊಳ್ಳುತ್ತೇನೆ.)

ಡೊಂಬಿವಲಿಯಿಂದ:
ಅಕ್ಕಾ, ನಾನು ಕಲಿತದ್ದು ಲೋಕಲ್ ಟ್ರೈನಿನಲ್ಲಿ, ಫೋನಿನಲ್ಲಿ. ಆಂಡ್ರಾಯ್ಡ್‌ಗೆ ಟರ್ಮಕ್ಸ್ ಅಂತ ಆ್ಯಪ್ ಇದೆ, ಅದರಲ್ಲಿ ಗ್ರೆಪ್ ಓಡುತ್ತದೆ. ಸೀಟ್ ಸಿಕ್ಕ ದಿನ ಮಾತ್ರ, ಅಂದರೆ ವಾರಕ್ಕೆ ಎರಡು ದಿನ ಅಂತಿಟ್ಟುಕೊಳ್ಳಿ. ನಿಮ್ಮ ಆಫೀಸಿನಲ್ಲಿ ವಿಂಡೋಸ್ ಇದ್ದರೆ ಡಬ್ಲ್ಯುಎಸ್‌ಎಲ್ ಹಾಕಿಸಿಕೊಳ್ಳಿ, ಅದು ವಿಂಡೋಸ್ ಒಳಗೇ ಲಿನಕ್ಸ್ ಓಡಿಸುತ್ತದೆ, ಗ್ರೆಪ್ ಅಲ್ಲಿ ಸಿಗುತ್ತದೆ.

ಮೊದಲ ಎರಡು ವಾರ ಗ್ರೆಪ್ ಬಿಟ್ಟು ಬೇರೇನೂ ಮುಟ್ಟಬೇಡಿ. ಅದೂ ಸುಮ್ನೆ ಪದ ಹುಡುಕುವುದಕ್ಕೆ. ಆಮೇಲೆ ಒಂದೊಂದೇ ಆಯ್ಕೆ ಸೇರಿಸಿ. -ಐ ಹಾಕಿದರೆ ದೊಡ್ಡಕ್ಷರ ಸಣ್ಣಕ್ಷರ ನೋಡಲ್ಲ, -ಸಿ ಹಾಕಿದರೆ ಎಷ್ಟು ಸಾಲು ಅಂತ ಎಣಿಸಿ ಕೊಡುತ್ತದೆ, -ವಿ ಹಾಕಿದರೆ ಹೊಂದದ ಸಾಲುಗಳನ್ನು ತೋರಿಸುತ್ತದೆ. ಈ -ವಿ ಯಾರೂ ಸರಿಯಾಗಿ ಹೇಳಿಕೊಡಲ್ಲ, ನನಗೆ ಅದೇ ಗುರು. ನಾನು ಬರೆದ ಮಾದರಿ (ಹುಡುಕಲು ಕೊಟ್ಟದ್ದು) ಏನನ್ನು ಬಿಟ್ಟಿತು ಅಂತ ಅದು ತಾನೇ ಹೇಳುತ್ತೆ.

ಹೆಸರು ವಿಚಿತ್ರ ಅನ್ನಿಸಿದರೆ ಅದಕ್ಕೂ ಕಾರಣ ಇದೆ. ಹಳೇ ಆಪರೇಟಿಂಗ್ ಸಿಸ್ಟಮ್ ಯೂನಿಕ್ಸ್‌ನ 'ಇಡಿ' ಎಡಿಟರಿನಲ್ಲಿ ಜಿ/ಆರ್‌ಇ/ಪಿ ಅಂತ ಕೊಟ್ಟರೆ 'ಇಡೀ ಫೈಲಿನಲ್ಲಿ ಈ ಮಾದರಿ ಇರುವ ಸಾಲೆಲ್ಲ ತೋರಿಸು' ಅಂತ ಅರ್ಥ. ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಅದನ್ನೇ ಬೇರೆ ಪ್ರೋಗ್ರಾಮ್ ಮಾಡಿದರು, ಹೆಸರೂ ಅದೇ ಉಳಿಯಿತು.

ನಿಗಡಿಯಿಂದ:
ನನ್ನ ಪೆಟ್ಟಿನ ಕತೆ ಕೇಳ್ರಿ. ದಿನವಿಡೀ ಕೂತು ಸರಿಪಡಿಸಿದ ಪಟ್ಟಿಯನ್ನು ಅಕ್ಷರಮಾಲೆ ಪ್ರಕಾರ ಜೋಡಿಸೋಣ ಅಂತ 'ಸಾರ್ಟ್ ಪಟ್ಟಿ > ಪಟ್ಟಿ' ಹೊಡೆದೆ. ಫೈಲು ಖಾಲಿ! ಆ ಬಾಣದ ಗುರುತು ಅಂದರೆ ಬಂದದ್ದನ್ನು ಮುಂದಿನ ಹೆಸರಿನ ಫೈಲಿಗೆ ಬರೆ ಅಂತ. ನಾವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಪ್ರೋಗ್ರಾಮ್, ಅಂದರೆ ಶೆಲ್, ಮೊದಲು > ನೋಡಿ ಆ ಫೈಲನ್ನು ಬರಿದು ಮಾಡುತ್ತದೆ, ಆಮೇಲೆ ಸಾರ್ಟ್‌ನ ಕರೆಯುತ್ತದೆ, ಅದು ಬಂದು ನೋಡಿದರೆ ಓದಲು ಏನೂ ಇಲ್ಲ. ಹಿಂದೆ ತರುವ ಬಟನ್ ಇಲ್ಲಿ ಇಲ್ಲ. ಯಾವಾಗಲೂ ಬೇರೆ ಹೆಸರಿಗೆ ಬರೆಯಿರಿ, ಮತ್ತು ಮೂಲ ಫೈಲಿನದೊಂದು ಕಾಪಿ ಪಕ್ಕಕ್ಕೆ ಇಟ್ಟುಕೊಂಡೇ ಕೂತ್ಕೊಳ್ಳಿ.

ಎರಡನೇದು ಈ ನಕ್ಷತ್ರ ಚಿಹ್ನೆ. ಫೈಲ್ ಹೆಸರಿನಲ್ಲಿ * ಅಂದರೆ 'ಏನಾದರೂ ಇರಲಿ'. ಗ್ರೆಪ್‌ನಲ್ಲಿ * ಅಂದರೆ 'ಹಿಂದಿನ ಅಕ್ಷರ ಸೊನ್ನೆ ಸಲ ಅಥವಾ ಎಷ್ಟು ಸಲ ಬೇಕಾದರೂ'. ಅಂದರೆ 12* ಅಂತ ಹುಡುಕಿದರೆ ಬರೀ 1 ಇದ್ದ ಸಾಲೂ ಬರುತ್ತದೆ, ಯಾಕಂದರೆ 2 ಸೊನ್ನೆ ಸಲ ಇದ್ದರೂ ಅದಕ್ಕೆ ನಡೀತದೆ. ನಿಮಗೆ ಬೇಕಾದ 'ಏನಾದರೂ' ಇಲ್ಲಿ .* ಆಗುತ್ತದೆ. ಇದನ್ನು ಅರಗಿಸಿಕೊಳ್ಳಲು ನನಗೆ ತಿಂಗಳೇ ಹಿಡಿಯಿತು. ಮಾದರಿಯನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಹಾಕಿ, ಇಲ್ಲದಿದ್ದರೆ ಗ್ರೆಪ್‌ಗೆ ತಲುಪುವ ಮುಂಚೆ ಶೆಲ್ ಅದಕ್ಕೆ ಕೈ ಹಾಕುತ್ತದೆ.

ಮಡಗಾಂವ್‌ನಿಂದ:
ಕನ್ನಡ ಫೈಲು ಇರುವವರಿಗೆ ಒಂದು ಮಾತು ಮಾರಾಯ್ರೆ. ಇಲ್ಲಿನ ಕನ್ನಡ ಸಂಘದ ಪುಸ್ತಕ ಪಟ್ಟಿಯಲ್ಲಿ ಎರಡಕ್ಷರದ ಹೆಸರು ಹುಡುಕಲು '^..$' ಕೊಟ್ಟೆ. ^ ಅಂದರೆ ಸಾಲಿನ ಶುರು, $ ಕೊನೆ, ಒಂದು ಚುಕ್ಕೆಗೆ ಒಂದು ಅಕ್ಷರ. 'ಸಂಘ' ಬರಲೇ ಇಲ್ಲ! ನಮಗೆ ಎರಡು ಅಕ್ಷರ, ಕಂಪ್ಯೂಟರಿನಲ್ಲಿ ಅಕ್ಷರಕ್ಕೆಲ್ಲ ನಂಬರು ಕೊಡುವ ಯೂನಿಕೋಡ್‌ಗೆ ಮೂರು: ಸ, ಸೊನ್ನೆ, ಘ. 'ಶ್ರೀ' ನಮಗೆ ಒಂದೇ, ಅದಕ್ಕೆ ನಾಲ್ಕು, ಅದನ್ನು ಫೈಲಿನಲ್ಲಿ ಉಳಿಸುವ ಯುಟಿಎಫ್-8 ರೀತಿಯಲ್ಲಿ 12 ಬೈಟು. ಹಾಗೇ [0-9] ಹಾಕಿ ೧೯೮೪ ಸಿಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ, ಕನ್ನಡ ಅಂಕಿಗೆ [೦-೯] ಬೇರೆ ಬರೆಯಬೇಕು.

ಅಂಧೇರಿಯಿಂದ:
ಡೊಂಬಿವಲಿಯವರ ಎರಡು ವಾರದ ಲೆಕ್ಕ ನಾನು ಒಪ್ಪಲ್ಲ. ಇವರದು ಗೋಡೌನಿನ ಲೆಕ್ಕ, ಹುಡುಕಿದರಷ್ಟೇ ಸಾಲದು, ಎಣಿಸಬೇಕು. ಮೊದಲ ದಿನವೇ ಪೈಪ್ ಕಲಿಯಿರಿ, ಅದೇ ನಿಂತ ಗೆರೆ. ಈ ಕಡೆಯ ಕಮಾಂಡಿನಿಂದ ಬಂದದ್ದನ್ನು ಆ ಕಡೆಯದಕ್ಕೆ ಕೊಡುತ್ತದೆ. ಯಾವ ಪಾರ್ಟಿ ಜಾಸ್ತಿ ಬಂದಿದೆ ಅಂತ ನೋಡಲು:

ಕಟ್ -ಡಿ, -ಎಫ್3 ಗೇಟ್ | ಸಾರ್ಟ್ | ಯೂನಿಕ್ -ಸಿ | ಸಾರ್ಟ್ -ಎನ್ಆರ್ | ಹೆಡ್

ಗೇಟ್ ಅಂದರೆ ನಿಮ್ಮ ಫೈಲು. ಕಟ್ ಕಾಮಾ ನೋಡಿ ಮೂರನೇ ಭಾಗ ತೆಗೆಯುತ್ತದೆ, ಸಾರ್ಟ್ ಜೋಡಿಸುತ್ತದೆ, ಯೂನಿಕ್ -ಸಿ ಒಂದೇ ಥರದ ಸಾಲು ಎಣಿಸುತ್ತದೆ, ಸಾರ್ಟ್ -ಎನ್ಆರ್ ದೊಡ್ಡ ಸಂಖ್ಯೆ ಮೇಲೆ ತರುತ್ತದೆ, ಹೆಡ್ ಮೊದಲ ಕೆಲವು ಸಾಲು ತೋರಿಸುತ್ತದೆ. ಯೂನಿಕ್ ಮುಂಚಿನ ಸಾರ್ಟ್ ಬಿಡಬೇಡಿ, ಯೂನಿಕ್ ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಕೂಡಿಸೋದು ಗುಣಿಸೋದು ಬಂದಾಗ ಆಕ್ ಅನ್ನೋ ಕಮಾಂಡ್. 1977ರಿಂದ ಇದೆ, ಆಹೋ, ವೈನ್‌ಬರ್ಗರ್, ಕೆರ್ನಿಗನ್ ಮೂವರ ಹೆಸರಿನ ಮೊದಲಕ್ಷರ. ಪದ ಬದಲಿಸುವ ಸೆಡ್ ಆಮೇಲೆ ನೋಡಿದರಾಯಿತು.

ಕೇಳಿದವರು, ಒಂಬತ್ತು ದಿನದ ಮೇಲೆ:
ಎಲ್ಲರಿಗೂ ಥ್ಯಾಂಕ್ಸ್. ಅಂಧೇರಿಯವರ ಸಾಲು ಮೊದಲ ಏಟಿಗೇ ಓಡಿತು, ಸಾಹೇಬರು ಎರಡು ಸಲ ಮಾಡಿಸಿ ನೋಡಿದರು. ಪುಣೆ ಗಾಡಿ (ನಂಬರು ಎಂಎಚ್-12 ಅಂತ ಶುರುವಾಗುವವು) ಎಣಿಸಲು ಬರೀ 12 ಹುಡುಕಿದ್ದೆ, ಮಧ್ಯಾಹ್ನ 12 ಗಂಟೆಗೆ ಬಂದ ಗಾಡಿಗಳೆಲ್ಲ ಸೇರಿಕೊಂಡವು. ^ ಹಾಕಿ '^ಎಂಎಚ್-12' ಮಾಡಿದೆ. ಕಡಿಮೆ ಬಂತು. ವಾಚ್‌ಮನ್‌ಗಳಲ್ಲಿ ಒಬ್ಬರು ಗೆರೆ ಹಾಕುತ್ತಾರೆ, ಒಬ್ಬರು ಜಾಗ ಬಿಡುತ್ತಾರೆ, ಒಬ್ಬರು ಏನೂ ಇಲ್ಲ. ಕೊನೆಗೆ ಗ್ರೆಪ್‌ಗೆ ದೊಡ್ಡಕ್ಷರದ -ಇ ಕೊಟ್ಟು '^ಎಂಎಚ್[- ]?12' ಅಂದೆ, ಆವರಣದೊಳಗಿದ್ದದ್ದು ಗೆರೆ ಅಥವಾ ಜಾಗ, ಪ್ರಶ್ನೆ ಚಿಹ್ನೆ ಅಂದರೆ ಅದು ಇದ್ದರೂ ಸರಿ ಇಲ್ಲದಿದ್ದರೂ ಸರಿ ಅಂತೆ.

ಆಮೇಲೆ ಎಲ್ಲ ರಾಜ್ಯಕ್ಕೂ ಹೀಗೇ ಬರೆದು -ವಿ ಹಾಕಿದೆ. 61 ಸಾಲು ಉಳಿದವು. ಕೆಲವು ಖಾಲಿ. ಉಳಿದವು ಕಣ್ಣಿಗೆ ಸರಿಯಾಗೇ ಕಾಣುತ್ತಿದ್ದವು, ಗೋವಾದ 'ಜಿಎ-07' ಥರದವು, ಆದರೂ ಹೊಂದುತ್ತಿಲ್ಲ. ಅರ್ಧ ಗಂಟೆ ಕೂತೆ. ರಾತ್ರಿ ಪಾಳಿಯ ಕಾಕಾ ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತುತ್ತಾರೆ!