ಬಳ್ಳಾರಿಯ ಬಿಸಿಲು, ಟರ್ಬೊ ಗಾಡಿ, ನಾಕಿಂಗ್: ಟೈಮಿಂಗ್ ಎಷ್ಟು ಹಿಂದಕ್ಕೆ ಎಳೆಯಬೇಕು?

ಪ್ರಶ್ನೆ, ಬಳ್ಳಾರಿಯಿಂದ:

ಅಣ್ಣಾ, ನಮಸ್ಕಾರ. ನನ್ನದು ಒಂದು ಲೀಟರಿನ, ಮೂರು ಸಿಲಿಂಡರಿನ ಟರ್ಬೊ ಪೆಟ್ರೋಲ್ ಕಾರು. ಮೂರು ವರ್ಷ ಯಾವ ತಕರಾರೂ ಇರಲಿಲ್ಲ. ಜನವರಿಯಲ್ಲಿ ಒಂದು ಟ್ಯೂನಿಂಗ್ ಬಾಕ್ಸ್ ತರಿಸಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಸೆನ್ಸರಿನ ವೈರಿಗೆ ಜೋಡಿಸಿದೆ. ಆಗ ಗಾಡಿ ಚೆನ್ನಾಗಿ ಎಳೆಯುತ್ತಿತ್ತು. ಏಪ್ರಿಲ್ ಬಂದ ಮೇಲೆ, ಮಧ್ಯಾಹ್ನದ ಹೊತ್ತು ತೋರಣಗಲ್ಲಿನ ರಸ್ತೆಯಲ್ಲಿ ಅದಿರಿನ ಲಾರಿಯನ್ನು ದಾಟಲೆಂದು ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಾನೆಟ್ಟಿನೊಳಗಿಂದ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದಂತೆ ಸದ್ದು ಬರುತ್ತದೆ. ರಾತ್ರಿ ಅದೇ ರಸ್ತೆಯಲ್ಲಿ ಬರುವುದಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು ಟೈಮಿಂಗ್ (ಪ್ಲಗ್ಗಿನ ಕಿಡಿ ಹಾರುವ ಹೊತ್ತು) ಹಿಂದಕ್ಕೆ ಎಳೆದರೆ, ಅಂದರೆ ತಡ ಮಾಡಿದರೆ, ಸರಿಹೋಗುತ್ತದೆ ಎಂದರು. ಎಷ್ಟು ಡಿಗ್ರಿ ಎಳೆಯಬೇಕು?

ಉತ್ತರ:

ತಮ್ಮಾ, ಡಿಗ್ರಿಯ ಮಾತು ಆಮೇಲೆ. ಮೊದಲು ಆ ಬಾಕ್ಸ್ ಬಿಚ್ಚಿ ಪಕ್ಕಕ್ಕಿಡು, ಇವತ್ತೇ. ನೀನು ಕೇಳುತ್ತಿರುವುದು ನಾಕಿಂಗ್. ಹೀಗೇ ಓಡಿಸಿದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುತ್ತದೆ, ಆಮೇಲೆ ಇಡೀ ಎಂಜಿನ್ ಬಿಚ್ಚದೆ ದಾರಿಯಿಲ್ಲ.

ಸಿರುಗುಪ್ಪದ ಕಡೆ ಭತ್ತ ಕೊಯ್ದ ಗದ್ದೆಯ ಕೂಳೆಗೆ ಬೆಂಕಿ ಇಟ್ಟಿದ್ದನ್ನು ನೀನು ನೋಡಿರುತ್ತೀಯ. ಬೆಂಕಿ ಒಂದು ಅಂಚಿನಿಂದ ಗೆರೆ ಎಳೆದಂತೆ ಸಾಗುತ್ತದೆ. ಸಿಲಿಂಡರಿನಲ್ಲಿಯೂ ಹಾಗೆಯೇ, ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆ ಗೋಡೆಯತ್ತ ಹಬ್ಬುತ್ತಾ ಹೋಗುತ್ತದೆ. ಇದಕ್ಕೆ ಸಮಯ ಬೇಕು. 3000 ಆರ್‌ಪಿಎಂನಲ್ಲಿ ಒಂದು ಮಿಲಿಸೆಕೆಂಡ್ ಕಳೆಯುವಷ್ಟರಲ್ಲಿ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ) 18 ಡಿಗ್ರಿ ತಿರುಗಿರುತ್ತದೆ. ಆದ್ದರಿಂದಲೇ ಪಿಸ್ಟನ್ ಮೇಲ್ತುದಿಗೆ ಬರುವ ಮೊದಲೇ ಕಿಡಿ ಹಾರಿಸುತ್ತೇವೆ. ಮೇಲ್ತುದಿ ದಾಟಿ ಸುಮಾರು 12ರಿಂದ 16 ಡಿಗ್ರಿಯಲ್ಲಿ ಒತ್ತಡ ಶಿಖರಕ್ಕೆ ಬಂದರೆ ಎಳೆತ ಚೆನ್ನಾಗಿರುತ್ತದೆ. ಕಿಡಿ ಅದಕ್ಕಿಂತ ಬೇಗ ಹಾರಿತೆಂದರೆ, ಜ್ವಾಲೆ ಇನ್ನೂ ಮುಟ್ಟದ ಮೂಲೆಯ ಮಿಶ್ರಣ ಹಿಂಡಿಸಿಕೊಂಡು, ಕಾದು, ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆ ಒತ್ತಡದ ಅಲೆಗಳು ಗೋಡೆಗೆ ಬಡಿಯುವ ಸದ್ದೇ ನಿನ್ನ ಕಾಳಿನ ಸದ್ದು.

ಇನ್ನು ಬಾಕ್ಸಿನ ವಿಷಯ. ಅದು ಮಾಡುವುದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಸುಳ್ಳು ಹೇಳುವ ಕೆಲಸ. ಮ್ಯಾನಿಫೋಲ್ಡಿನಲ್ಲಿ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ನಿಜವಾಗಿ 2 ಬಾರ್ ಒತ್ತಡ ಇದ್ದರೂ 1.8 ಇದೆ ಎಂದು ತೋರಿಸುತ್ತದೆ. ಸಾಲದು ಎಂದುಕೊಂಡು ಇಸಿಯು ಟರ್ಬೊವನ್ನು ಇನ್ನಷ್ಟು ದುಡಿಸುತ್ತದೆ, ನಿನಗೆ ಪವರ್ ಸಿಗುತ್ತದೆ. ಟೈಮಿಂಗನ್ನೂ ಇಸಿಯು ಅದೇ ಅಂಕಿ ನೋಡಿಯೇ ಆರಿಸುತ್ತದೆ, ಮರೆಯಬೇಡ. 2 ಬಾರ್ ಒತ್ತಡಕ್ಕೆ 1.8 ಬಾರಿನ ಟೈಮಿಂಗ್ ಕೊಡುತ್ತದೆ. ಹೆಚ್ಚು ಬೂಸ್ಟಿಗೆ ಕಡಿಮೆ ಅಡ್ವಾನ್ಸ್ ಬೇಕು, ಅಂದರೆ ಕಿಡಿ ತಡವಾಗಿ ಹಾರಬೇಕು, ಇಲ್ಲಿ ಸಿಗುತ್ತಿರುವುದು ಅದರ ತದ್ವಿರುದ್ಧ. ಆ ಬಾಕ್ಸಿನಲ್ಲಿ ಟೈಮಿಂಗ್ ತಿದ್ದುವ ವ್ಯವಸ್ಥೆಯೇ ಇಲ್ಲ, ಹಾಗಾಗಿ ಎಷ್ಟು ಡಿಗ್ರಿ ಎಂಬ ನಿನ್ನ ಪ್ರಶ್ನೆಗೆ ಈಗಿನ ಜೋಡಣೆಯಲ್ಲಿ ಉತ್ತರವೇ ಇಲ್ಲ.

ಜನವರಿಯಲ್ಲಿ ಏಕೆ ಸದ್ದಿರಲಿಲ್ಲ? ಲೆಕ್ಕ ಹಾಕೋಣ. ಟರ್ಬೊದೊಳಗಿನ 70 ಶೇಕಡಾ ದಕ್ಷತೆಯ ಕಂಪ್ರೆಸರ್ ಗಾಳಿಯನ್ನು 1.8 ಪಟ್ಟು ಒತ್ತಿದರೆ, ಹೊರಗೆ 22 ಡಿಗ್ರಿ ಸೆಲ್ಸಿಯಸ್ ಇದ್ದಾಗ ಗಾಳಿ ಸುಮಾರು 99 ಡಿಗ್ರಿಯಲ್ಲಿ ಹೊರಬರುತ್ತದೆ. ಹೊರಗೆ 42 ಇದ್ದರೆ 124. ಇಂಟರ್‌ಕೂಲರ್ ಹೀಗೆ ಏರಿದ ಬಿಸಿಯ ಹತ್ತರಲ್ಲಿ ಏಳು ಪಾಲು ತಣಿಸಿದರೂ, ಜನವರಿಯಲ್ಲಿ 45 ಡಿಗ್ರಿಯ ಗಾಳಿ ಎಂಜಿನ್ನಿಗೆ ಹೋದರೆ ಏಪ್ರಿಲ್ ಮಧ್ಯಾಹ್ನ 67 ಡಿಗ್ರಿಯದು ಹೋಗುತ್ತದೆ. ನಮ್ಮ ಊರಿನ ಗಾಡಿಗೆ ಟೈಮಿಂಗ್ ಕೂರಿಸುವವರು ತಂಪು ಹೊತ್ತಿನಲ್ಲಿ ಕೂರಿಸಿ ಕೈತೊಳೆದುಕೊಳ್ಳಬಾರದು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನನ್ನ ಗ್ಯಾರೇಜಿನಲ್ಲಿ ಅಂತಿಮ ಪರೀಕ್ಷೆ ಮಧ್ಯಾಹ್ನ ಎರಡು ಗಂಟೆಗೇ ನಡೆಯುತ್ತದೆ.

ಪ್ರಶ್ನೆ, ರಾಯಚೂರಿನಿಂದ:

ಸರ್, ನನ್ನದೂ ಟರ್ಬೊ ಗಾಡಿ, ಯಾವ ಬದಲಾವಣೆಯೂ ಮಾಡಿಸಿಲ್ಲ. ನಮ್ಮ ಯಜಮಾನರು ಆಕ್ಟೇನ್ ಬೂಸ್ಟರ್ ಬಾಟಲಿ ತಂದು ಪ್ರತಿ ಟ್ಯಾಂಕಿಗೆ ಹಾಕುತ್ತಿದ್ದಾರೆ. ಬಿಸಿಲಿಗೆ ಇದು ಬೇಕೇ? ಈಗಿನ ಶೇಕಡಾ 20 ಎಥನಾಲ್ ಪೆಟ್ರೋಲಿನಿಂದ ನಾಕಿಂಗ್ ಹೆಚ್ಚುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ:

ಅಕ್ಕಾ, ನಾಕಿಂಗಿನ ಮಟ್ಟಿಗೆ ಎಥನಾಲ್ ಶತ್ರುವಲ್ಲ, ಗೆಳೆಯ. ಅದರ ಆಕ್ಟೇನ್ ಸಂಖ್ಯೆ, ಅಂದರೆ ನಾಕಿಂಗ್ ತಡೆಯುವ ಶಕ್ತಿಯ ಅಳತೆ, 108ರ ಆಸುಪಾಸಿನಲ್ಲಿದೆ. ಬಿಎಸ್6 ಹೊಗೆ ನಿಯಮ ಬಂದಾಗ ನಮ್ಮ ಸಾಮಾನ್ಯ ಪೆಟ್ರೋಲಿನ ಸಂಖ್ಯೆ 91 ಇತ್ತು, 20 ಪಾಲು ಎಥನಾಲ್ ಸೇರಿ ಅದು 95ಕ್ಕೆ ಏರಿದೆ. ಜೊತೆಗೆ ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರುತ್ತದೆ. ನೇರವಾಗಿ ಸಿಲಿಂಡರಿಗೇ ಇಂಧನ ಚಿಮ್ಮಿಸುವ ಎಂಜಿನ್ನಿನಲ್ಲಿ ಈ ತಂಪು ಒಳಗೇ ಕೆಲಸ ಮಾಡುತ್ತದೆ. ಮೈಲೇಜ್ ಇಳಿಯುತ್ತದೆ, ಹಳೆಯ ಗಾಡಿಗಳ ರಬ್ಬರ್ ಪೈಪಿನ ಚಿಂತೆಯೂ ಬೇರೆ ಇದೆ, ಅವುಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಕಿಂಗಿನ ದೂರನ್ನು ಅದರ ಮೇಲೆ ಹೊರಿಸಬೇಡಿ.

ಬಾಟಲಿ ಬೇಡ. ಅವುಗಳ ಮೇಲೆ ಬರೆಯುವ ಪಾಯಿಂಟ್ ಎಂದರೆ ಅನೇಕ ಸಲ ಒಂದು ಆಕ್ಟೇನಿನ ಹತ್ತನೇ ಒಂದು ಭಾಗ. 30 ಪಾಯಿಂಟ್ ಎಂದರೆ 3 ಆಕ್ಟೇನ್. ಕೆಲವದರಲ್ಲಿರುವ ಮ್ಯಾಂಗನೀಸ್ ಪ್ಲಗ್ಗಿನ ಪಿಂಗಾಣಿಯ ಮೇಲೆ ಕೆಂಪು ಪುಡಿಯಾಗಿ ಕೂರುತ್ತದೆ. ಕಂಪನಿಯ ಸ್ಥಿತಿಯಲ್ಲೇ ಇರುವ ಗಾಡಿಯಲ್ಲಿ ನಾಕ್ ಸೆನ್ಸರ್ ಸದ್ದು ಹಿಡಿದ ಕೂಡಲೇ ಇಸಿಯು ಟೈಮಿಂಗನ್ನು ಕೆಲವು ಡಿಗ್ರಿ ಹಿಂದಕ್ಕೆ ತಂದು, ನಿಧಾನವಾಗಿ ಮರಳಿ ಕೊಡುತ್ತದೆ. ನಿಮ್ಮ ಗಾಡಿಗೆ ಅಷ್ಟು ಸಾಕು. ಆ ಹಣದಲ್ಲಿ ಏರ್ ಫಿಲ್ಟರ್ ಹೊಸದು ಹಾಕಿಸಿ.

ಪ್ರಶ್ನೆ, ಗಂಗಾವತಿಯಿಂದ:

ಸರ್, ನಾನೂ ಗ್ಯಾರೇಜ್ ನಡೆಸುತ್ತೇನೆ. ಗಿರಾಕಿಯೊಬ್ಬರು 1.6 ಲೀಟರಿನ ಹಳೆಯ ಪೆಟ್ರೋಲ್ ಎಂಜಿನ್ನಿಗೆ ಟರ್ಬೊ ಕೂರಿಸಿ, ಪ್ರತ್ಯೇಕ ಇಸಿಯು ತಂದುಕೊಟ್ಟಿದ್ದಾರೆ. ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಕೂರಿಸಿದ ಅನುಭವ ನನಗಿದೆ, ಲ್ಯಾಪ್‌ಟಾಪಿನಲ್ಲಿ ಕೂರಿಸಿದ್ದು ಇಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ:

ಡಿಸ್ಟ್ರಿಬ್ಯೂಟರಿನ ಅನುಭವ ಇರುವುದು ದೊಡ್ಡ ಆಸ್ತಿ, ಏಕೆಂದರೆ ನಿಮ್ಮಲ್ಲಿ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿನುಗುವ ದೀಪ) ಇದೆ. ಮೊದಲ ಕೆಲಸ ಅದರದೇ. ಇಸಿಯುನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಸ್ಥಿರವಾಗಿ ಕಟ್ಟಿ, ಪುಲ್ಲಿಯ ಗುರುತಿನ ಮೇಲೆ ಲೈಟ್ ಹಾಯಿಸಿ. ಪುಲ್ಲಿಯಲ್ಲಿಯೂ ಕರಾರುವಾಕ್ಕಾಗಿ 10 ಕಾಣಬೇಕು. 3000ಕ್ಕೆ ಏರಿಸಿದರೂ ಗುರುತು ಅಲುಗಬಾರದು. ಪರದೆಯಲ್ಲಿ 10, ಎಂಜಿನ್ನಿನಲ್ಲಿ 16 ಇದ್ದ ಗಾಡಿಯೊಂದು ನನ್ನಲ್ಲಿಗೆ ಬಂದಿತ್ತು. ಕ್ರ್ಯಾಂಕ್ ಸೆನ್ಸರಿನ ಕೋನವನ್ನು ತಪ್ಪಾಗಿ ತುಂಬಿದ್ದರು. ಮ್ಯಾಪನ್ನು (ಇಸಿಯುನೊಳಗಿನ ಟೈಮಿಂಗ್ ಪಟ್ಟಿ) ಎಷ್ಟು ತಿದ್ದಿದರೂ ಪ್ರಯೋಜನವಾಗದೆ ಎರಡನೇ ಪಿಸ್ಟನ್ ಒಡೆದ ಮೇಲೆ ಅದು ನನ್ನ ಕೈಗೆ ಬಂದದ್ದು. ಹತ್ತು ನಿಮಿಷದ ಲೈಟಿನ ಕೆಲಸ ಬಿಟ್ಟಿದ್ದರಿಂದ ಒಂದು ಎಂಜಿನ್ ಹೋಯಿತು, ನನಗೆ ಇಂದಿಗೂ ಸಂಕಟವಾಗುತ್ತದೆ.

ನಂತರ ಇಂಧನ. ಮಿಶ್ರಣ ಸರಿಯಾಗದೆ ಟೈಮಿಂಗಿಗೆ ಕೈ ಹಾಕಬೇಡಿ. ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿ, ಪೂರ್ಣ ಬೂಸ್ಟಿನಲ್ಲಿ ಲ್ಯಾಂಬ್ಡಾ (ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ; 1ಕ್ಕಿಂತ ಕಡಿಮೆ ಎಂದರೆ ಇಂಧನ ಹೆಚ್ಚು) 0.80ರಿಂದ 0.85ರ ನಡುವೆ ನಿಲ್ಲಿಸಿ. ಮೀಟರಿನಲ್ಲಿ ಗಾಳಿ ಮತ್ತು ಇಂಧನದ ಅನುಪಾತ ನೋಡುವ ಅಭ್ಯಾಸ ಇದ್ದರೆ ಬಿಡಿ, ಲ್ಯಾಂಬ್ಡಾ ನೋಡಿ. ಎಥನಾಲ್ ಬೆರೆತ ಮೇಲೆ ಹಳೆಯ 14.7ರ ಲೆಕ್ಕ ಹೊಂದುವುದಿಲ್ಲ, ಲ್ಯಾಂಬ್ಡಾ ಮಾತ್ರ ಯಾವ ಇಂಧನಕ್ಕೂ ಹೊಂದುತ್ತದೆ.

ಪ್ಲಗ್ ಒಂದು ಹಂತ ತಣ್ಣನೆಯದು, ಅಂದರೆ ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು, ಇರಲಿ. ಎನ್‌ಜಿಕೆಯಲ್ಲಿ ಸಂಖ್ಯೆ ಹೆಚ್ಚಾದಷ್ಟು ಪ್ಲಗ್ ತಣ್ಣಗೆ, ಬಾಷ್‌ನಲ್ಲಿ ಇದರ ಉಲ್ಟಾ. ಇಲ್ಲಿ ಅನೇಕರು ಎಡವುತ್ತಾರೆ. ಗ್ಯಾಪ್ 0.6ರಿಂದ 0.7 ಮಿಲಿಮೀಟರ್ ಇಡಿ, ಒತ್ತಡ ಹೆಚ್ಚಿದಾಗ ದೊಡ್ಡ ಗ್ಯಾಪಿನಲ್ಲಿ ಕಿಡಿ ನಂದಿಹೋಗುತ್ತದೆ.

ಈಗ ಟೈಮಿಂಗ್. ವೇಸ್ಟ್‌ಗೇಟ್ (ಬೂಸ್ಟ್ ಮಿತಿಮೀರದಂತೆ ನೋಡುವ ಕವಾಟ) ಸ್ಪ್ರಿಂಗ್ ಕೊಡುವ ಕನಿಷ್ಠ ಬೂಸ್ಟಿನಲ್ಲೇ ಶುರು ಮಾಡಿ. ಬೂಸ್ಟ್ ಒಂದು ಪಿಎಸ್‌ಐ ಏರಿದರೆ ಟೈಮಿಂಗ್ ಒಂದು ಡಿಗ್ರಿ ಹಿಂದಕ್ಕೆ ಎಂಬ ಹಳೆಯ ಅಂದಾಜು ಮೊದಲ ಮ್ಯಾಪ್ ಬರೆಯಲು ಸಾಕು, ಅಂತಿಮ ಮಾತಲ್ಲ. ಆ ಮ್ಯಾಪಿನಿಂದಲೂ ಮೂರು ನಾಲ್ಕು ಡಿಗ್ರಿ ಕಡಿಮೆ ಇಟ್ಟು ಡೈನೊ (ಎಂಜಿನ್ನಿನ ಬಲ ಅಳೆಯುವ ಯಂತ್ರ) ಮೇಲೆ ಹತ್ತಿಸಿ, ಒಂದೊಂದೇ ಡಿಗ್ರಿ ಸೇರಿಸುತ್ತಾ ಟಾರ್ಕ್ (ತಿರುಗಿಸುವ ಬಲ) ನೋಡಿ. ಒಂದು ಡಿಗ್ರಿ ಕೊಟ್ಟಾಗ ಟಾರ್ಕ್ ಏರದಿದ್ದರೆ ಆ ಡಿಗ್ರಿಯನ್ನು ವಾಪಸ್ ತೆಗೆಯಿರಿ, ಅದರಿಂದ ನಿಮಗೆ ಬರುವುದು ಅಪಾಯ ಮಾತ್ರ. ಬೂಸ್ಟ್ ಇರುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಟಾರ್ಕಿನ ತುದಿ ಮುಟ್ಟುವ ಮೊದಲೇ ನಾಕ್ ಬರುತ್ತದೆ. ಬಂದ ಜಾಗದಿಂದ ಎರಡು ಮೂರು ಡಿಗ್ರಿ ಹಿಂದೆ ಸರಿದು ಅಲ್ಲಿ ನಿಲ್ಲಿ. ಟಾರ್ಕ್ ಶಿಖರದಲ್ಲಿರುವ ನಡುವಿನ ಆರ್‌ಪಿಎಂನಲ್ಲಿ ಟೈಮಿಂಗ್ ಅತಿ ಕಡಿಮೆ ಬೇಕು, ಮೇಲಕ್ಕೆ ಹೋದಂತೆ ಮತ್ತೆ ಸ್ವಲ್ಪ ಕೊಡಬಹುದು.

ಕಿವಿಯನ್ನೇ ನಂಬಬೇಡಿ. ಬ್ಲಾಕಿಗೆ ಬೋಲ್ಟ್ ಮಾಡಿದ ತಾಮ್ರದ ಕೊಳವೆಯಿಂದ ಇಯರ್‌ಮಫ್‌ಗೆ ರಬ್ಬರ್ ಪೈಪ್ ಎಳೆದು ಕೇಳಿದರೆ ಹೊರಗೆ ಕೇಳಿಸದ ನಾಕ್ ಸಹ ಕೇಳಿಸುತ್ತದೆ. ನಾಕ್ ಸೆನ್ಸರ್ ಬಳಸುವುದಾದರೆ ಅದರ ಕೇಳುವ ಕಂಪನಾಂಕವನ್ನು ಬೋರಿಗೆ ಹೊಂದಿಸಿ. 1800ನ್ನು ಪೈನಿಂದಲೂ ಮಿಲಿಮೀಟರಿನಲ್ಲಿರುವ ಬೋರಿನಿಂದಲೂ ಭಾಗಿಸಿದರೆ ಕಿಲೊಹರ್ಟ್ಸ್ ಸಿಗುತ್ತದೆ. 80 ಮಿಲಿಮೀಟರ್ ಬೋರಿಗೆ ಸುಮಾರು 7.2 ಬರುತ್ತದೆ. ಕೊನೆಗೆ ಪ್ಲಗ್ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿ. ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿಯಂತೆ ಚುಕ್ಕೆ, ಅದರ ನಡುವೆ ಬೆಳ್ಳಿಯಂತೆ ಹೊಳೆಯುವ ಕಣ ಕಂಡರೆ ಅದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ.

ಹೆದರಿಕೆಗೆ ಟೈಮಿಂಗನ್ನು ಮಿತಿಮೀರಿ ಹಿಂದಕ್ಕೆ ಎಳೆಯುವುದೂ ತಪ್ಪು. ತಡವಾಗಿ ಉರಿದ ಮಿಶ್ರಣ ಎಕ್ಸಾಸ್ಟಿಗೆ ಬೆಂಕಿಯಾಗಿಯೇ ಹೋಗುತ್ತದೆ. ಎಕ್ಸಾಸ್ಟ್ ವಾಲ್ವ್ ಸುಡುತ್ತದೆ, ಟರ್ಬೊ ಕೆಂಪಗೆ ಕಾಯುತ್ತದೆ. ನಾಕ್ ನಿಲ್ಲಿಸಲು ಎಂಟು ಹತ್ತು ಡಿಗ್ರಿ ತೆಗೆಯಬೇಕಾಗುತ್ತಿದೆ ಎಂದರೆ ಬೂಸ್ಟ್ ಇಳಿಸಿ, ಇಲ್ಲವೇ ದೊಡ್ಡ ಇಂಟರ್‌ಕೂಲರ್ ಹಾಕಿ. ಇಸಿಯುನಲ್ಲಿ ಒಳಬರುವ ಗಾಳಿಯ ಉಷ್ಣತೆಗೆ ತಕ್ಕಂತೆ ಟೈಮಿಂಗ್ ತಗ್ಗಿಸುವ ಪಟ್ಟಿ ಇರುತ್ತದೆ. 50 ಡಿಗ್ರಿ ಸೆಲ್ಸಿಯಸ್ ಮೇಲಿನ ಸಾಲುಗಳನ್ನು ಖಾಲಿ ಬಿಡಬೇಡಿ, ಗಂಗಾವತಿಯ ಮೇ ತಿಂಗಳು ಅಲ್ಲಿಯೇ ಇದೆ.

ಪ್ರಶ್ನೆ, ಸಂಡೂರಿನಿಂದ:

ಸರ್, ಘಟ್ಟ ಹತ್ತುವಾಗ ಐದನೇ ಗೇರಿನಲ್ಲಿ 1500 ಆರ್‌ಪಿಎಂನಲ್ಲಿ ಪೂರ್ತಿ ಒತ್ತಿದರೆ, ಒಮ್ಮೊಮ್ಮೆ ಸುತ್ತಿಗೆಯಿಂದ ಹೊಡೆದಂತೆ ಒಂದೇ ಏಟಿನ ಸದ್ದು. ಇದಕ್ಕೂ ಟೈಮಿಂಗ್ ಕಾರಣವೇ?

ಉತ್ತರ:

ಅಲ್ಲ. ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತಿರಬಹುದು. ಟೈಮಿಂಗ್ ಎಷ್ಟು ಎಳೆದರೂ ಅದು ನಿಲ್ಲುವುದಿಲ್ಲ, ಒಂದೇ ಏಟಿಗೆ ಪಿಸ್ಟನ್ ಒಡೆಯುವ ಶಕ್ತಿ ಅದಕ್ಕಿದೆ. ನೇರ ಇಂಜೆಕ್ಷನ್ನಿನ ಟರ್ಬೊಗಳಲ್ಲಿ ಎಣ್ಣೆಯ ಹನಿಗಳು ಇದಕ್ಕೆ ಒಂದು ಕಾರಣ. ಕೈಪಿಡಿ ಹೇಳುವ ದಪ್ಪದ, ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಎಂದು ಬರೆದ ಎಂಜಿನ್ ಆಯಿಲ್ ಹಾಕಿಸಿ, ಘಟ್ಟದಲ್ಲಿ ಮೂರನೇ ಗೇರಿಗೆ ಇಳಿಸಿ ಹತ್ತಿ.

ಮತ್ತೆ ಬಳ್ಳಾರಿಯಿಂದ:

ಅಣ್ಣಾ, ಬಾಕ್ಸ್ ಬಿಚ್ಚಿದೆ. ಮೊನ್ನೆ ಮಧ್ಯಾಹ್ನ ಅದೇ ರಸ್ತೆಯಲ್ಲಿ ಓಡಿಸಿದೆ, ಸದ್ದಿಲ್ಲ. ಆದರೆ ಸ್ಕ್ಯಾನರಿನಲ್ಲಿ ಮೂರನೇ ಸಿಲಿಂಡರಿಗೆ ಮಾತ್ರ ಇಸಿಯು ಇನ್ನೂ 3 ಡಿಗ್ರಿ ಹಿಂದಕ್ಕೆ ಎಳೆಯುತ್ತಿರುವುದು ಕಾಣುತ್ತದೆ. ಬಂಪರಿನ ಹಿಂದಿನ ಇಂಟರ್‌ಕೂಲರಿನ ತುಂಬ ಕೆಂಪು ಧೂಳು.

ಉತ್ತರ:

ಒಳ್ಳೆಯ ಕೆಲಸ ಮಾಡಿದೆ ತಮ್ಮಾ. ಆ ಅದಿರಿನ ಧೂಳು ರೆಕ್ಕೆಗಳ ನಡುವೆ ಗಾರೆಯಂತೆ ಕಟ್ಟಿಕೊಳ್ಳುತ್ತದೆ. ಬಂಪರ್ ಬಿಚ್ಚಿಸಿ, ಹಿಂಬದಿಯಿಂದ ಮುಂದಕ್ಕೆ ಕಡಿಮೆ ಒತ್ತಡದ ನೀರು ಹಾಯಿಸು. ಸರ್ವಿಸ್ ಸ್ಟೇಷನ್ನಿನ ಜೆಟ್ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಹಾಗೆಯೇ ನಾಕ್ ಸೆನ್ಸರಿನ ಬೋಲ್ಟ್ ನೋಡು. ಕೆಳಗೆ ತುಕ್ಕು, ವಾಷರ್ ಇರಬಾರದು, ಟಾರ್ಕ್ ರೆಂಚಿನಿಂದ 20 ನ್ಯೂಟನ್ ಮೀಟರಿನ ಆಸುಪಾಸು ಬಿಗಿ ಸಾಕು. ಮೂರನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ಪಿಂಗಾಣಿ ಸ್ಪಷ್ಟವಾಗಿ ಕಾಣುವಂತೆ ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಇಲ್ಲಿ ಹಾಕು. ಹೊಳೆಯುವ ಕಣ ಕಂಡರೆ ಕಂಪ್ರೆಷನ್ ಪರೀಕ್ಷೆ ಆಗುವವರೆಗೆ ಗಾಡಿ ಓಡಿಸಬೇಡ.